ಮೈಕ್ ಸೆಟ್ಟಿನಿಂದ ಗಿಟಾರಿಗೆ: ಶಿವಮೊಗ್ಗ, ಭದ್ರಾವತಿಯ ವಾಲ್ವ್ ಆಂಪ್ಲಿಫೈಯರುಗಳು

ಭದ್ರಾವತಿಯ ಕೈಗಾರಿಕಾ ಚರಿತ್ರೆಯೆಂದರೆ 1923ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆ ಮತ್ತು 1930ರ ದಶಕದಲ್ಲಿ ಅದರ ನೆರೆಗೆ ಬಂದ ಕಾಗದದ ಕಾರ್ಖಾನೆ, ಇವೆರಡರ ಚರಿತ್ರೆಯೆಂದೇ ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಆದರೆ ಈ ಊರಿನಲ್ಲೂ ಇಲ್ಲಿಂದ ಸುಮಾರು 20 ಕಿಲೋಮೀಟರು ದೂರದ ಶಿವಮೊಗ್ಗದಲ್ಲೂ, ಚಿಮಣಿ, ಕುಲುಮೆಗಳ ಲೆಕ್ಕಕ್ಕೆ ಸಿಗದೆ ಬೆಳೆದ ಇನ್ನೊಂದು ಕಸುಬಿದೆ. ಅದು ರೇಡಿಯೊ ರಿಪೇರಿ ಮತ್ತು ಮೈಕ್ ಸೆಟ್ ಬಾಡಿಗೆಯ ಕಸುಬು. ಈ ಕಸುಬಿನವರ ಮೇಜಿನ ಮೇಲೆ ಜೋಡಣೆಯಾದ ವಾಲ್ವ್ ಆಂಪ್ಲಿಫೈಯರು ಮೊದಲು ಭಾಷಣಕ್ಕೆ, ಆಮೇಲೆ ಹಾಡಿಗೆ, ಕೊನೆಗೆ ಗಿಟಾರಿಗೆ ಒದಗಿದ್ದು ಹೊಸದನ್ನು ಕೊಳ್ಳುವ ಶಕ್ತಿಯಿಂದಲ್ಲ, ಇದ್ದುದನ್ನು ಬಿಚ್ಚಿ ಮರಳಿ ಕಟ್ಟುವ ಜಾಣ್ಮೆಯಿಂದ. ಈ ಜಾಣ್ಮೆಗೂ ಕೈಗಾರಿಕೆಯ ಚರಿತ್ರೆಯಲ್ಲಿ ಸ್ಥಾನವಿರಬೇಕು.

ವಾಲ್ವ್ ಎಂದರೆ ಗಾಳಿಯನ್ನು ಹೊರತೆಗೆದು ಮುಚ್ಚಿದ ಗಾಜಿನ ಬುರುಡೆ. ಅದರೊಳಗಿನ ಕ್ಯಾಥೋಡ್ ಎಂಬ ಲೋಹದ ಕೊಳವೆ ಕಾದಾಗ ಎಲೆಕ್ಟ್ರಾನುಗಳು ಹೊರಟು ಪ್ಲೇಟ್ ಎಂಬ ಹೊರಗವಚದ ಕಡೆಗೆ ಹರಿಯುತ್ತವೆ. ನಡುವೆ ಇರುವ ಗ್ರಿಡ್ ಎಂಬ ತಂತಿಯ ಜಾಲರಿಗೆ ಕೊಟ್ಟ ಅತಿ ಸಣ್ಣ ಸಂಕೇತ ಆ ಹರಿವನ್ನು ಏರಿಳಿಸುವುದರಿಂದ, ಮೈಕಿನಿಂದ ಬಂದ ಕ್ಷೀಣವಾದ ವಿದ್ಯುತ್ತು ಪ್ಲೇಟಿನಲ್ಲಿ ಹಲವು ಪಟ್ಟು ದೊಡ್ಡದಾಗಿ ಕಾಣಿಸಿಕೊಳ್ಳುತ್ತದೆ. ಎರಡು ಅಂಗಗಳ ವಾಲ್ವನ್ನು ಜಾನ್ ಆಂಬ್ರೋಸ್ ಫ್ಲೆಮಿಂಗ್ 1904ರಲ್ಲಿ ರೂಪಿಸಿದನು. ಮೂರನೆಯ ಅಂಗವಾದ ಗ್ರಿಡ್ಡನ್ನು 1906ರ ಸುಮಾರಿಗೆ ಸೇರಿಸಿದವನು ಲೀ ಡಿ ಫಾರೆಸ್ಟ್. ಧ್ವನಿವರ್ಧಕ, ರೇಡಿಯೊ, ಮಾತನಾಡುವ ಸಿನಿಮಾ, ವಿದ್ಯುತ್ ಗಿಟಾರು ಎಲ್ಲವೂ ಈ ಜಾಲರಿಯನ್ನು ನೆಚ್ಚಿ ಬಂದವು.

ಇಂಥ ಯಂತ್ರಕ್ಕೆ ಮೊದಲು ಬೇಕಾದದ್ದು ವಿದ್ಯುತ್ತು. ಜೋಗದ ಜಲವಿದ್ಯುತ್ ಯೋಜನೆ 1948ರಲ್ಲಿ ಕೆಲಸ ಆರಂಭಿಸಿ ಮುಂದೆ ಮಹಾತ್ಮ ಗಾಂಧಿಯವರ ಹೆಸರು ಪಡೆಯಿತು; 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ದೊಡ್ಡ ವಿದ್ಯುದಾಗಾರ ಅದರ ಹಿಂದೆಯೇ ಬಂದಿತು. ಈ ಕಥೆಯೊಳಗೆ ಭದ್ರಾವತಿಗೆ ಇನ್ನೊಂದು ನಂಟೂ ಉಂಟು. 1940ರ ದಶಕದಿಂದ ಅಲ್ಲಿ ಫೆರೋಸಿಲಿಕಾನ್ ಎಂಬ ಮಿಶ್ರಲೋಹ ತಯಾರಾಗುತ್ತಿತ್ತು. ಉಕ್ಕಿಗೆ ಸಿಲಿಕಾನ್ ಸೇರಿಸಲು ಬಳಸುವ ವಸ್ತು ಇದು; ನೂರಕ್ಕೆ ಮೂರು ನಾಲ್ಕು ಪಾಲು ಸಿಲಿಕಾನ್ ಸೇರಿದ ಉಕ್ಕಿನ ತೆಳುಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿಯೇ ಟ್ರಾನ್ಸ್‌ಫಾರ್ಮರಿನ ತಿರುಳನ್ನು ಮಾಡುತ್ತಾರೆ. ವಾಲ್ವ್ ಆಂಪ್ಲಿಫೈಯರಿನ ತೂಕದ ಬಹುಪಾಲು ಇರುವುದು ಈ ಟ್ರಾನ್ಸ್‌ಫಾರ್ಮರುಗಳಲ್ಲೇ, ಅದರ ಧ್ವನಿಯ ಹಣೆಬರಹವೂ ಅಲ್ಲಿಯೇ.

ರೇಡಿಯೊದ ವಿಷಯದಲ್ಲಿ ಮೈಸೂರು ಸಂಸ್ಥಾನ ಮುಂಚೂಣಿಯಲ್ಲಿತ್ತು. ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಕೇವಲ 30 ವಾಟ್ ಶಕ್ತಿಯ ಪ್ರಸಾರಯಂತ್ರವನ್ನಿಟ್ಟು ಆಕಾಶವಾಣಿಯನ್ನು ಆರಂಭಿಸಿದ್ದರು. ಭದ್ರಾವತಿಗೆ ಸ್ವಂತ ನಿಲಯ ಬಂದದ್ದು 1965ರಲ್ಲಿ. 675 ಕಿಲೋಹರ್ಟ್ಸ್ ಮಧ್ಯಮ ತರಂಗದ ಈ ನಿಲಯ ಮಲೆನಾಡಿನ ಮನೆಗಳ ದಿನಚರಿಯೊಳಗೆ ಸೇರಿಕೊಂಡಂತೆ ರೇಡಿಯೊ ರಿಪೇರಿಯ ಕೆಲಸಕ್ಕೂ ಕಳೆ ಬಂದಿತು. ವಾಲ್ವುಗಳ ಪೂರೈಕೆಯೂ ಆ ಹೊತ್ತಿಗೆ ಹತ್ತಿರವಾಗಿತ್ತು. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ 1961ರಿಂದ ರೇಡಿಯೊ ವಾಲ್ವುಗಳನ್ನು ತಯಾರಿಸತೊಡಗಿ, ಆಮದಿನ ಮಾಲಿಗೆ ಕಾಯುವ ಪಾಡನ್ನು ತಪ್ಪಿಸಿತು. ಬಿಇಎಲ್ ಎಂದು ಅಚ್ಚಾದ ಇಎಲ್84 ಮತ್ತು ಇಸಿಸಿ83 ವಾಲ್ವುಗಳನ್ನು ಇಂದಿಗೂ ಜಗತ್ತಿನ ನಾನಾ ಕಡೆಯ ಗಿಟಾರು ವಾದಕರು ಹುಡುಕಿ ಕೊಳ್ಳುತ್ತಾರೆ ಎಂಬುದು ಕನ್ನಡ ನಾಡು ಹೆಮ್ಮೆಪಡಬೇಕಾದ ಸಂಗತಿ.

ಮೈಕ್ ಸೆಟ್ ಎಂದು ಜನ ಕರೆಯುವ ಸಾಮಗ್ರಿಯಲ್ಲಿ ಒಂದು ಮೈಕು, ಒಂದು ಆಂಪ್ಲಿಫೈಯರು, ತಗಡಿನ ಹಾರ್ನುಗಳು, ಉದ್ದನೆಯ ವೈರು ಇರುತ್ತಿದ್ದವು. ಶಿವಮೊಗ್ಗದ ಕೋಟೆ ಮಾರಿಕಾಂಬೆಯ ಜಾತ್ರೆ, ಗಣಪತಿ ಉತ್ಸವ, ಯಕ್ಷಗಾನ, ಕಂಪನಿ ನಾಟಕ, ಮದುವೆಯ ಚಪ್ಪರ, ಚುನಾವಣೆಯ ಸಭೆ ಯಾವುದಕ್ಕೂ ಇದೇ ಸೆಟ್ಟು ಸಾಲುತ್ತಿತ್ತು. ಇದರ ಗುಣವನ್ನು ನಿರ್ಧರಿಸಿದ್ದು ಹಾರ್ನು. ಸುಮಾರು 300 ಹರ್ಟ್ಸಿಗಿಂತ ಕೆಳಗಿನ ಕಂಪನಗಳನ್ನು ಅದು ಹೊರಡಿಸಲಾರದು, ಆದರೆ ಮಾತಿನ ವ್ಯಂಜನಗಳು ಅದಕ್ಕಿಂತ ಮೇಲೆಯೇ ಇರುವುದರಿಂದ ಬಯಲಿನ ಆಚೆ ತುದಿಯವರೆಗೂ ಮಾತು ಸ್ಪಷ್ಟವಾಗಿ ಮುಟ್ಟುತ್ತದೆ. ಕೆಳಧ್ವನಿಯನ್ನು ಹಾರ್ನಿಗೆ ಕಳಿಸಿ ಅದರ ಪರದೆಯನ್ನು ಹರಿಯುವುದಕ್ಕಿಂತ ಆಂಪ್ಲಿಫೈಯರಿನಲ್ಲಿಯೇ ತಡೆದುಬಿಡುವುದು ಮೈಕ್ ಸೆಟ್ಟಿನ ಮಟ್ಟಿಗೆ ಸರಿಯಾದ ಉಪಾಯವಾಗಿತ್ತು.

1970ರ ದಶಕದಿಂದ ರಸಮಂಜರಿ ಎಂಬ ಹೆಸರಿನ ಚಿತ್ರಗೀತೆಯ ಕಾರ್ಯಕ್ರಮಗಳು ಉತ್ಸವಗಳ ಪೆಂಡಾಲಿಗೆ ಬಂದಂತೆ ಗಿಟಾರಿಗೂ ವೇದಿಕೆ ಸಿಕ್ಕಿತು. ಕನ್ನಡ ಚಿತ್ರಸಂಗೀತದಲ್ಲಿ ಆ ವಾದ್ಯ ಅದಾಗಲೇ ನೆಲೆಯೂರಿತ್ತು, ಜಿ.ಕೆ. ವೆಂಕಟೇಶ್ ಅವರ ವಾದ್ಯವೃಂದದಲ್ಲಿ ಇಳಯರಾಜಾ ಅವರು ಗಿಟಾರು ನುಡಿಸುತ್ತಿದ್ದುದು ತಿಳಿದ ಸಂಗತಿಯೇ. ಗಿಟಾರಿಗೆಂದೇ ಮಾಡಿದ ವಿದೇಶಿ ಆಂಪ್ಲಿಫೈಯರು ಜಿಲ್ಲಾ ಕೇಂದ್ರದ ಕಲಾವಿದರಿಗೆ ಎಟುಕುವಂತಿರಲಿಲ್ಲವಾದ್ದರಿಂದ ಕೈಗೆ ಸಿಗುತ್ತಿದ್ದುದು ಎರಡೇ: ಮೈಕ್ ಸೆಟ್ಟು, ಇಲ್ಲವೇ ಹಳೆಯ ರೇಡಿಯೊ. ವಾಲ್ವ್ ರೇಡಿಯೊಗಳ ಹಿಂಬದಿಯಲ್ಲಿ ಗ್ರಾಮಫೋನ್ ಪ್ಲೇಯರನ್ನು ಸೇರಿಸಲು ಎರಡು ತೂತಿನ ಒಂದು ಕಿಂಡಿ ಇರುತ್ತಿತ್ತು. ಅಲ್ಲಿಗೆ ಗಿಟಾರಿನ ವೈರನ್ನು ತಂದು ಸಿಕ್ಕಿಸಿದರೆ ರೇಡಿಯೊದ ಕೊನೆಯ ಹಂತವೇ ಗಿಟಾರಿನ ಆಂಪ್ಲಿಫೈಯರಾಗುತ್ತದೆ, ಆದರೆ ಇದರಲ್ಲಿ ಪ್ರಾಣಾಪಾಯವೂ ಉಂಟು. ಎಸಿ ಮತ್ತು ಡಿಸಿ ಎರಡರಲ್ಲೂ ನಡೆಯುವಂತೆ ಮಾಡಿದ ಅಗ್ಗದ ರೇಡಿಯೊಗಳಲ್ಲಿ ಪವರ್ ಟ್ರಾನ್ಸ್‌ಫಾರ್ಮರೇ ಇರುವುದಿಲ್ಲ. ಪ್ಲಗ್ಗು ತಿರುವುಮುರುವಾದರೆ ಅದರ ಚಾಸಿ, ಅಂದರೆ ಎಲ್ಲ ಬಿಡಿಭಾಗಗಳನ್ನು ಹೊತ್ತ ಲೋಹದ ತಟ್ಟೆ, ನೇರವಾಗಿ 230 ವೋಲ್ಟಿಗೆ ಸೇರಿ, ಅದೇ ವೋಲ್ಟೇಜು ಗಿಟಾರಿನ ತಂತಿಗೂ ಬರುತ್ತದೆ. ಹೀಗಾಗಿ ಪುನರ್ನಿರ್ಮಾಣದ ಮೊದಲ ನಿಯಮ ಪವರ್ ಟ್ರಾನ್ಸ್‌ಫಾರ್ಮರು ಇರುವ ಚಾಸಿಯನ್ನಷ್ಟೇ ಆರಿಸಿಕೊಂಡು, ಎರಡು ಪಿನ್ನಿನ ವೈರನ್ನು ಕಿತ್ತು, ಮೂರು ಪಿನ್ನಿನದನ್ನು ಹಾಕಿ ಚಾಸಿಗೆ ಅರ್ತಿಂಗ್ ಕೊಡುವುದು.

ಕೈಯಿಂದ ಕಟ್ಟಿದ ಹಳೆಯ ಸೆಟ್ಟನ್ನು ಬಿಚ್ಚಿದಾಗ ಕಾಣುವ ದೋಷಗಳಿಗೆ ಒಂದು ಕ್ರಮವಿದೆ. ಎಸಿಯನ್ನು ಡಿಸಿ ಮಾಡಿದ ಮೇಲೆ ಉಳಿಯುವ ಏರಿಳಿತವನ್ನು ಹೀರಿಕೊಳ್ಳಲು ಹಾಕಿದ ಎಲೆಕ್ಟ್ರೊಲಿಟಿಕ್ ಕಂಡೆನ್ಸರುಗಳು ವಾಲ್ವಿನ ಬಿಸಿಗೆ ಒಳಗೊಳಗೇ ಒಣಗಿ, 100 ಹರ್ಟ್ಸಿನ ಗುಂಯ್‌ಗುಡುವಿಕೆ ಸ್ಪೀಕರಿಗೆ ಬರುತ್ತದೆ. ಕಸುಬಿನವರು ಇದನ್ನು ಹಮ್ ಎನ್ನುತ್ತಾರೆ. ಒಂದು ವಾಲ್ವಿನ ಪ್ಲೇಟಿನಿಂದ ಮುಂದಿನದರ ಗ್ರಿಡ್ಡಿಗೆ ಸಂಕೇತವನ್ನು ದಾಟಿಸುವ ಕಾಗದದ ಕಂಡೆನ್ಸರು ಸೋರತೊಡಗಿದರೆ ಗ್ರಿಡ್ಡಿಗೆ ಬರಬಾರದ ಧನ ವೋಲ್ಟೇಜು ಬಂದು, ಔಟ್‌ಪುಟ್ ವಾಲ್ವಿನ ಪ್ಲೇಟು ಕೆಂಪಗೆ ಕಾಯ್ದು, ವಾಲ್ವಿನೊಡನೆ ಟ್ರಾನ್ಸ್‌ಫಾರ್ಮರನ್ನೂ ಸುಡುತ್ತದೆ. ಮಲೆನಾಡಿನ ಮಳೆಗಾಲ ಈ ಎರಡನೆಯ ದೋಷವನ್ನು ಬೇಗ ತರುತ್ತದೆ, ಏಕೆಂದರೆ ಕಾಗದ ತೇವವನ್ನು ಎಳೆದುಕೊಳ್ಳುತ್ತದೆ. ಇಂಥ ಕಂಡೆನ್ಸರುಗಳನ್ನೆಲ್ಲ ತೆಗೆದು ಪಾಲಿಯೆಸ್ಟರಿನವನ್ನು ಹಾಕುವುದರಿಂದಲೇ ಅರ್ಧ ಕೆಲಸ ಮುಗಿಯುತ್ತದೆ. ಆದರೆ ಸ್ವಿಚ್ಚು ಆರಿಸಿದ ಮೇಲೂ ದೊಡ್ಡ ಕಂಡೆನ್ಸರುಗಳಲ್ಲಿ 300 ವೋಲ್ಟಿನಷ್ಟು ನಿಂತಿರಬಹುದಾದ್ದರಿಂದ ಅವನ್ನು ರೆಸಿಸ್ಟೆನ್ಸಿನ ಮೂಲಕ ಬರಿದುಮಾಡದೆ, ಮೀಟರು ಹಿಡಿದು ಖಚಿತಪಡಿಸಿಕೊಳ್ಳದೆ ಒಳಗೆ ಕೈ ಹಾಕಬಾರದು.

ಧ್ವನಿಯನ್ನು ಸುಧಾರಿಸುವ ಕೆಲಸ ಇದಾದ ಮೇಲಿನದು. ವಾಲ್ವಿನ ಕ್ಯಾಥೋಡನ್ನು ಕಾಯಿಸುವ ಹೀಟರಿಗೆ ಹೋಗುವ ಎರಡು ತಂತಿಗಳನ್ನು ಬಿಗಿಯಾಗಿ ಹೆಣೆದು ಚಾಸಿಯ ಮೂಲೆಗೆ ಒತ್ತಿ ಒಯ್ದರೆ, ನೆಲದ ಸಂಪರ್ಕಗಳನ್ನು ಎಲ್ಲೆಂದರಲ್ಲಿ ಬೆಸೆಯದೆ ಒಂದೇ ಬಿಂದುವಿಗೆ ತಂದರೆ, ಕಂಡೆನ್ಸರು ಬದಲಿಸಿದರೂ ಹೋಗದಿದ್ದ ಹಮ್ ಅಡಗುತ್ತದೆ. ಗಿಟಾರಿನ ಪಿಕಪ್ಪು, ಅಂದರೆ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಕಾಂತದ ಸುರುಳಿ, ಮೈಕಿನಂತೆ ಕಡಿಮೆ ರೋಧದ ಒಳದಾರಿಯನ್ನು ಸಹಿಸುವುದಿಲ್ಲವಾಗಿ ಮೊದಲ ಇಸಿಸಿ83ರ ಗ್ರಿಡ್ಡಿಗೆ 10 ಲಕ್ಷ ಓಮಿನ ರೆಸಿಸ್ಟೆನ್ಸು ಬೇಕಾಗುತ್ತದೆ. ಇಲ್ಲದಿದ್ದರೆ ಮೇಲುಸ್ವರಗಳು ಮಂಕಾಗುತ್ತವೆ. ಗಿಟಾರಿನ ಅತಿ ಕೆಳಗಿನ ಸ್ವರ 82 ಹರ್ಟ್ಸ್ ಆದ್ದರಿಂದ ಭಾಷಣಕ್ಕೆಂದು ಕಿರಿದು ಮಾಡಿದ್ದ ದಾರಿಯನ್ನು ಅಗಲಿಸಬೇಕು, ಹಾರ್ನನ್ನು ಬಿಟ್ಟು 12 ಇಂಚಿನ ಕಾಗದದ ಕೋನಿನ ಸ್ಪೀಕರನ್ನು ಮರದ ಪೆಟ್ಟಿಗೆಯಲ್ಲಿ ಕೂರಿಸಬೇಕು. ಔಟ್‌ಪುಟ್ಟಿನಿಂದ ಸ್ವಲ್ಪ ಸಂಕೇತವನ್ನು ಹಿಂದಕ್ಕೆ ತಂದು ತಪ್ಪನ್ನು ಕಳೆಯುವ ಋಣಾತ್ಮಕ ಹಿಮ್ಮಾಹಿತಿಯನ್ನು ಮೈಕ್ ಸೆಟ್ಟಿನವರು ಸ್ಪಷ್ಟತೆಗಾಗಿ ಹೆಚ್ಚಿಸುತ್ತಿದ್ದರೆ, ಗಿಟಾರಿಗೆ ಅದನ್ನು ತಗ್ಗಿಸಬೇಕಾಗುತ್ತದೆ. ಗಟ್ಟಿಯಾಗಿ ಮೀಟಿದಾಗ ವಾಲ್ವು ತನ್ನ ಮಿತಿಯನ್ನು ಒಮ್ಮೆಗೇ ಮುಟ್ಟದೆ ಮೆಲ್ಲಗೆ ಬಾಗುವುದರಿಂದ ಹುಟ್ಟುವ ಒರಟೇ ಈ ವಾದ್ಯಕ್ಕೆ ಜೀವ. ಭಾಷಣದಲ್ಲಿ ದೋಷವೆನಿಸುವುದು ಇಲ್ಲಿ ಗುಣವಾಗಿ ನಿಲ್ಲುತ್ತದೆ.

ಟ್ರಾನ್ಸಿಸ್ಟರು ಬಂದ ಮೇಲೆ ಮೈಕ್ ಸೆಟ್ಟುಗಳು ಹಗುರವಾದವು, ಬ್ಯಾಟರಿಯಲ್ಲೂ ಸಲೀಸಾಗಿ ನಡೆದವು, ವಾಲ್ವಿನ ಚಾಸಿಗಳು ಅಟ್ಟ ಸೇರಿ ಗುಜರಿಗೆ ಹೋದವು. ಹೊಸ ವಾಲ್ವುಗಳು ಈಗ ರಷ್ಯಾ, ಸ್ಲೊವಾಕಿಯಾ, ಚೀನಾಗಳಿಂದ ಬರುತ್ತವೆ, ಉಳಿದ ಬಿಡಿಭಾಗಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆ ಇದೆ. ಊರಲ್ಲೇ ಮಾಡಿಸಿಕೊಳ್ಳಬಹುದಾದದ್ದೆಂದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರು. ಅಡಿಕೆ ತೋಟಗಳ, ಭದ್ರಾ ಅಚ್ಚುಕಟ್ಟಿನ ಗದ್ದೆಗಳ ಪಂಪ್‌ಸೆಟ್ಟುಗಳ ಮೋಟಾರು ಸುಡುವುದು ನಿಂತಿಲ್ಲವಾದ್ದರಿಂದ ವೈಂಡಿಂಗ್ ಅಂಗಡಿಗಳು ಉಳಿದುಕೊಂಡಿವೆ, ತಾಮ್ರದ ತಂತಿ, ವಾರ್ನಿಶ್ಶು, ನುರಿತ ಕೈ ಮೂರೂ ಅಲ್ಲಿವೆ. ಔಟ್‌ಪುಟ್ ವಾಲ್ವಾದ ಒಂದು ಇಎಲ್84ಕ್ಕೆ ಬೇಕಾದ ಸುಮಾರು 5,200 ಓಮನ್ನು 8 ಓಮಿನ ಸ್ಪೀಕರಿಗೆ ಹೊಂದಿಸಲು ಪ್ರೈಮರಿಯ, ಅಂದರೆ ವಾಲ್ವಿನ ಕಡೆಯ ಸುರುಳಿಯ, ಪ್ರತಿ 25 ಸುತ್ತಿಗೆ ಸ್ಪೀಕರಿನ ಕಡೆಯ ಸೆಕೆಂಡರಿಯಲ್ಲಿ ಒಂದು ಸುತ್ತು ಬೇಕೆಂಬ ಲೆಕ್ಕವನ್ನು ವೈಂಡಿಂಗಿನವನಿಗೆ ಹೇಳುವುದು ಸುಲಭ. ಪ್ರೈಮರಿಯನ್ನು ಪೂರ್ತಿ ಸುತ್ತಿ ಅದರ ಮೇಲೆ ಸೆಕೆಂಡರಿಯನ್ನು ಸುತ್ತದೆ, ಎರಡನ್ನೂ ಭಾಗಮಾಡಿ ಒಂದರ ನಡುವೆ ಒಂದನ್ನು ಪದರಪದರವಾಗಿ ಕೂರಿಸಬೇಕೆಂಬುದನ್ನು ಮಾತ್ರ, ಮೋಟಾರಿನ ಕೆಲಸದಲ್ಲಿ ಅದು ಬಾರದ ಕಾರಣ, ಚಿತ್ರ ಬರೆದು ಪಕ್ಕದಲ್ಲಿ ನಿಂತು ಮಾಡಿಸಬೇಕಾಗುತ್ತದೆ. ಮೇಲುಸ್ವರಗಳು ಟ್ರಾನ್ಸ್‌ಫಾರ್ಮರಿನಲ್ಲಿ ಸಿಕ್ಕಿಕೊಳ್ಳದೆ ಸ್ಪೀಕರನ್ನು ಮುಟ್ಟುವುದು ಆ ಪದರಗಳಿಂದಲೇ.