ಮಡಿವಂತರಿಗೆ ಇಂಗ್ಲಿಷ್ ಇಟ್ಟ ಹೆಸರುಗಳು

ನಾನೇ ಎಲ್ಲರಿಗಿಂತ ಒಳ್ಳೆಯವನು ಎಂದು ಬೀಗುವವನನ್ನು ಹಳಿಯಲು ಇಂಗ್ಲಿಷಿನಲ್ಲಿ ಪದಗಳಿಗೆ ಬರವಿಲ್ಲ: ಸೆಲ್ಫ್-ರೈಚಸ್, ಸ್ಯಾಂಕ್ಟಿಮೋನಿಯಸ್, ಪ್ರಿಗ್, ಪ್ಯೂರಿಟನ್, ಹೋಲಿಯರ್-ದ್ಯಾನ್-ದೌ. ಸಮಾನಾರ್ಥಕಗಳ ಪಟ್ಟಿಯಲ್ಲಿ ಇವೆಲ್ಲ ಒಟ್ಟಿಗೆ ಕೂತಿರುತ್ತವೆ. ಆದರೆ ಹುಟ್ಟಿದ ಮನೆ ಬೇರೆಯಾದ್ದರಿಂದ ಇವು ತಿವಿಯುವ ಜಾಗವೂ ಬೇರೆ. ದೇವರ ಗೊಡವೆ ಬೇಡವೆಂದವರು ದೈವಭಕ್ತರನ್ನು ಗೇಲಿ ಮಾಡಲು ಇವನ್ನು ಕಟ್ಟಿದರು ಎಂದು ಊಹಿಸುವುದು ಸುಲಭ. ಪದಗಳ ಚರಿತ್ರೆ ಹೇಳುವುದೇ ಬೇರೆ. ಇವುಗಳಲ್ಲಿ ಅತ್ಯಂತ ಹರಿತವಾದವು ಮಸೆದುಕೊಂಡದ್ದು ಹೆಂಡದಂಗಡಿಯಲ್ಲಲ್ಲ, ಧರ್ಮಬೋಧೆಯ ಪೀಠದ ಬುಡದಲ್ಲೇ.

ಸೆಲ್ಫ್-ರೈಚಸ್ ಎಂಬುದನ್ನೇ ನೋಡಿ. ಇದು ಬಳಕೆಗೆ ಬಂದದ್ದು 17ನೆಯ ಶತಮಾನದಲ್ಲಿ. ಮನುಷ್ಯ ಉದ್ಧಾರವಾಗುವುದು ದೇವರ ಕೃಪೆಯಿಂದಲೇ ಹೊರತು ತನ್ನ ಪುಣ್ಯದಿಂದಲ್ಲ ಎಂಬುದು ಆ ಕಾಲದ ಪ್ರಾಟೆಸ್ಟೆಂಟ್ ಬೋಧಕರ ಮೂಲ ನಂಬಿಕೆ. ತನ್ನ ಸದಾಚಾರವನ್ನೇ ನೆಚ್ಚಿಕೊಂಡವನು ಅವರ ಕಣ್ಣಿಗೆ ಕಳ್ಳನಷ್ಟೇ ದೊಡ್ಡ ಪಾಪಿ. ಹಾಗಾಗಿ ಈ ಪದ ಬೊಟ್ಟು ಮಾಡುವುದು ಕಪಟದ ಕಡೆಗಲ್ಲ. ಲೂಕನ ಸುವಾರ್ತೆಯ ಕಥೆಯೊಂದರಲ್ಲಿ ಬರುವ ಆಚಾರನಿಷ್ಠ ಫರಿಸಾಯ ವಾರಕ್ಕೆ ಎರಡು ಸಲ ಉಪವಾಸವಿದ್ದ, ಆದಾಯದ ಹತ್ತನೆಯ ಪಾಲು ಕೊಡುತ್ತಿದ್ದ. ಅವನ ಲೆಕ್ಕ ಸುಳ್ಳೆಂದು ಆ ಕಥೆ ಎಲ್ಲೂ ಹೇಳುವುದಿಲ್ಲ. ಲೆಕ್ಕವನ್ನು ದೇವರ ಮುಂದೆ ಒಪ್ಪಿಸಿ, ಪಕ್ಕದವನನ್ನು ಕೀಳಾಗಿ ಕಂಡದ್ದೇ ಅವನ ತಪ್ಪು. ಹೋಲಿಯರ್-ದ್ಯಾನ್-ದೌ ಎಂಬ ಕೊಂಕು ಕೂಡ ಬಂದದ್ದು ಬೈಬಲ್‌ನಿಂದಲೇ, 1611ರ ಕಿಂಗ್ ಜೇಮ್ಸ್ ಅನುವಾದದ ಯೆಶಾಯನ ಗ್ರಂಥದ 65ನೆಯ ಅಧ್ಯಾಯದಿಂದ.

ಸ್ಯಾಂಕ್ಟಿಮೋನಿಯಸ್‌ನ ಗುರಿ ಬೇರೆ: ಅದು ಹಿಡಿಯುವುದು ವೇಷವನ್ನು. ಷೇಕ್ಸ್‌ಪಿಯರ್ ‘ಟೆಂಪೆಸ್ಟ್’ನಲ್ಲಿ ಈ ಪದವನ್ನು ನಿಜವಾಗಿ ಪವಿತ್ರವಾದ ಮದುವೆಯ ವಿಧಿಗೆ ಬಳಸಿದ್ದಾನೆ. ಅದಕ್ಕೂ ಮೊದಲು, 1604ರಲ್ಲಿ ರಂಗಕ್ಕೆ ಬಂದ ‘ಮೆಷರ್ ಫಾರ್ ಮೆಷರ್’ನಲ್ಲಿ, ಅದೇ ಪದ ಒಬ್ಬ ಕಡಲ್ಗಳ್ಳನಿಗೆ ಅಂಟಿದೆ. ಆ ಆಸಾಮಿ ದೇವರ ಹತ್ತು ಕಟ್ಟಳೆಗಳನ್ನು ಹಿಡಿದುಕೊಂಡೇ ಕಡಲಿಗಿಳಿದ. ಕದಿಯಬಾರದೆಂಬ ಒಂದನ್ನು ಮಾತ್ರ ಹಲಗೆಯಿಂದ ಕೆರೆದುಹಾಕಿದ್ದ. ಒಬ್ಬನೇ ಲೇಖಕನ ಕೈಯಲ್ಲಿ ಎರಡು ಅರ್ಥವೂ ಜೀವಂತವಾಗಿದ್ದವು; ಕಾಲಾಂತರದಲ್ಲಿ ಉಳಿದದ್ದು ಕಡಲ್ಗಳ್ಳನದು.

ಇಲ್ಲೊಂದು ಆಕ್ಷೇಪ ಏಳುತ್ತದೆ. ಪ್ಯೂರಿಟನ್ ಎಂಬುದು 1560ರ ದಶಕದಲ್ಲಿ ಕಟ್ಟಾ ಪ್ರಾಟೆಸ್ಟೆಂಟರ ಪಂಗಡವೊಂದರ ಮೇಲೆ ವಿರೋಧಿಗಳು ಎಸೆದ ಬೈಗುಳ. ಅದಕ್ಕೆ ರಂಗದ ಮೇಲೆ ಮುಖ ಕೊಟ್ಟ ನಾಟಕಕಾರರಿಗಂತೂ ಸ್ವಂತ ಹೊಟ್ಟೆಪಾಡಿನ ಜಗಳವಿತ್ತು. 1642ರಲ್ಲಿ ಪಾರ್ಲಿಮೆಂಟು ನಾಟಕಶಾಲೆಗಳ ಬಾಗಿಲು ಹಾಕಿಸಿದ್ದು ಆ ಜಗಳದ ಮುಂದಿನ ಅಂಕ. ಎದುರಾಳಿಯ ಸಾಕ್ಷ್ಯವನ್ನು ನಂಬುವುದು ಹೇಗೆ? ಆಕ್ಷೇಪ ನ್ಯಾಯವಾದದ್ದೇ. ಆದರೆ ‘ಟ್ವೆಲ್ಫ್ತ್ ನೈಟ್’ನ ಮರಾಯಾ, ಮಾಲ್ವೋಲಿಯೊನನ್ನು ಪ್ಯೂರಿಟನ್ ಎಂದು ಕರೆದ ಮರುಕ್ಷಣವೇ ಮಾತು ತಿದ್ದಿಕೊಂಡು, ಅವನು ಅದೂ ಅಲ್ಲ, ಗಾಳಿ ಬಂದತ್ತ ತೂರಿಕೊಳ್ಳುವವನು ಅನ್ನುತ್ತಾಳೆ. ಜಗಳದ ನಡುವೆಯೂ ಷೇಕ್ಸ್‌ಪಿಯರ್ ನಿಷ್ಠೆಯನ್ನೂ ಸೋಗನ್ನೂ ಬೇರೆಯಾಗಿಟ್ಟ. ಇನ್ನು 1678ರ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ನಲ್ಲಿ ಬಾಯಿಮಾತಿನ ಭಕ್ತನನ್ನೂ ಲಾಭಕ್ಕೆ ತಕ್ಕಂತೆ ಧರ್ಮ ಹಿಡಿಯುವವನನ್ನೂ ಹೆಸರಿಟ್ಟು ಬಯಲಿಗೆಳೆದ ಜಾನ್ ಬನ್ಯನ್ ಆ ಪಂಗಡದ ಒಳಗಿನವನೇ, ಬೋಧನೆಗಾಗಿ ವರ್ಷಗಟ್ಟಲೆ ಸೆರೆಯಲ್ಲಿದ್ದವನು. ನಾಟಕಕಾರರ ಸಾಕ್ಷ್ಯವನ್ನು ಪೂರಾ ಬದಿಗಿಟ್ಟರೂ ವಾದ ಬೀಳದು.

ಪ್ರಿಗ್ ಮಾತ್ರ ಬೀದಿಯ ಕೂಸು. ಹಿಂದೆ ಕಳ್ಳರ ಭಾಷೆಯಲ್ಲಿ ಅದಕ್ಕೆ ಕಳ್ಳನೆಂಬ ಅರ್ಥವಿತ್ತು. 1743ರಲ್ಲೂ ಹೆನ್ರಿ ಫೀಲ್ಡಿಂಗ್ ‘ಜೊನಾಥನ್ ವೈಲ್ಡ್’ನಲ್ಲಿ ಹಾಗೆಯೇ ಬಳಸಿದ್ದಾನೆ. ಈಗ ಅದು ಸುಳ್ಳಾಡದ, ಆದರೆ ಚಿಕ್ಕಪುಟ್ಟ ನಿಯಮವನ್ನೂ ಎತ್ತಿಹಿಡಿದು ಕಂಡಕಂಡವರನ್ನು ತಿದ್ದುವವನ ಹೆಸರು.

ದೊಡ್ಡಮನೆಯ ಪದಗಳಿಗೆ ಈ ವಂಶಾವಳಿ ಹೊಂದುವುದಿಲ್ಲವೆಂದು ಒಪ್ಪಲೇಬೇಕು. ಕಾಂಡಿಸೆನ್ಷನ್ ಎಂದರೆ ಮೇಲಿನವರು ಕೆಳಗಿನವರ ಮಟ್ಟಕ್ಕೆ ಇಳಿದುಬಂದು ಆದರಿಸುವುದು; ಅದು ಗುಣವೆಂದೇ ಎಣಿಕೆಯಾಗಿತ್ತು. 1813ರ ‘ಪ್ರೈಡ್ ಅಂಡ್ ಪ್ರೆಜುಡಿಸ್’ನಲ್ಲಿ ಪಾದ್ರಿ ಕಾಲಿನ್ಸ್ ತನ್ನ ಪೋಷಕಿ ಲೇಡಿ ಕ್ಯಾಥರೀನಳಲ್ಲಿ ಕಂಡು ಕೊಂಡಾಡುವುದು ಇದನ್ನೇ. ಅವನು ಮನಸಾರೆ ಹೊಗಳುತ್ತಾನೆ, ಓದುಗರು ನಗುತ್ತಾರೆ. ಮೇಲು-ಕೀಳು ಸಹಜವೆಂಬ ಒಪ್ಪಿಗೆ ಸಡಿಲವಾದಂತೆ ಹೊಗಳಿಕೆ ಹಳಿಯುವ ಮಾತಾಯಿತು.

ಇದೇ ದೊಡ್ಡಮನೆಗಳಲ್ಲಿ ಕ್ಯಾರೆಕ್ಟರ್ ಎಂಬುದು ಒಂದು ಕಾಗದವೂ ಆಗಿತ್ತು. ಕೆಲಸ ಬಿಡುವ ಆಳಿಗೆ ಯಜಮಾನ ಬರೆದುಕೊಡುತ್ತಿದ್ದ ನಡತೆಯ ಪತ್ರಕ್ಕೆ ಅದೇ ಹೆಸರು. ಸುಳ್ಳು ಪತ್ರಕ್ಕೆ ದಂಡ ಹಾಕುವ ಕಾನೂನು ಬ್ರಿಟನ್ನಿನಲ್ಲಿ 1792ರಲ್ಲಿ ಬಂತು. ಪತ್ರವನ್ನು ಕೊಡಲೇಬೇಕೆಂಬ ಕಟ್ಟುಪಾಡು ಮಾತ್ರ ಯಜಮಾನನಿಗೆ ಇರಲಿಲ್ಲ. ಎಂಟು ವರ್ಷ ದುಡಿದ ಅಡುಗೆಯವಳನ್ನೂ ಅವನು ಬರಿಗೈಲಿ ಕಳಿಸಬಹುದಿತ್ತು. ಕಾಗದವಿಲ್ಲದವಳಿಗೆ ಇನ್ನೊಂದು ಮನೆಯ ಬಾಗಿಲು ತೆರೆಯುವುದು ಕಷ್ಟವಿತ್ತು. ಆ ಕಾಗದದ ತಮ್ಮನಂತಿರುವ ನಡತೆ ಪ್ರಮಾಣಪತ್ರವನ್ನು ನಮ್ಮ ಕಾಲೇಜುಗಳು ಇವತ್ತಿಗೂ ಬರೆದುಕೊಡುತ್ತವೆ.