ಆನ್‌ಲೈನ್‌ನಲ್ಲಿ ಹಳೇ ಮಂಚ, ಬೀರು, ಸೋಫಾ: ಕಡಿಮೆ ರೇಟಿಗೆ ತಗೊಳ್ಳೋದು ಹೇಗೆ, ಮೋಸ ಹೋಗದೇ ಇರೋದು ಹೇಗೆ

ಚನ್ನಗಿರಿ: ಹೊಸದಾಗಿ ಬಾಡಿಗೆ ಮನೆ ಮಾಡಿದವರು, ಸಣ್ಣದಾಗಿ ಅಂಗಡಿ ಇಡೋರು ಮೊದಲು ಮೊಬೈಲ್ ತೆಗೆದು ನೋಡೋದು ಓಎಲ್‌ಎಕ್ಸ್, ಇಲ್ಲಾ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್. ಅಲ್ಲಿ ಒಳ್ಳೇ ಮಾಲು ಸಿಗುತ್ತಾ ಅಂದರೆ ಸಿಗುತ್ತೆ. ನಮ್ಮ ಮನೆಯ ಸಾಗುವಾನಿ ಮಂಚ ಹಂಗೇ ಬಂದಿದ್ದು. ದುಡ್ಡು ಕಳ್ಕೊಂಡಿದ್ದೂ ಅಲ್ಲೇ. ಎರಡನ್ನೂ ಬರೀತೀನಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯವರಿಗೆ ಉಪಯೋಗಕ್ಕೆ ಬರೋ ಮಾಹಿತಿ ಇದು. ಬೇಕಾದಾಗ ತೆಗೆದು ನೋಡಲು ಲಿಂಕ್ ಉಳಿಸಿಕೊಳ್ಳಿ.

ನಿಮ್ಮ ಊರಲ್ಲಿ ಹುಡುಕಬೇಡಿ

ಮೊದಲ ತಪ್ಪು ಇಲ್ಲೇ ಆಗೋದು. ಆ್ಯಪ್‌ನಲ್ಲಿ ಲೊಕೇಶನ್ ಜಗಳೂರು ಅಂತಲೋ ನ್ಯಾಮತಿ ಅಂತಲೋ ಇಟ್ಟು ಹುಡುಕಿದರೆ ನಾಲ್ಕು ಬೈಕು, ಎರಡು ಮೊಬೈಲು, ಒಂದು ಎಮ್ಮೆ ಕಾಣಿಸುತ್ತೆ ಅಷ್ಟೇ. ಮನೆ ಸಾಮಾನು ಹೆಚ್ಚು ಮಾರೋದು ಬಾಡಿಗೆ ಮನೆ ಜಾಸ್ತಿ ಇರೋ ಊರಲ್ಲಿ. ಅಂದರೆ ದಾವಣಗೆರೆ, ಶಿವಮೊಗ್ಗ, ಚಿತ್ರದುರ್ಗ.

1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಚನ್ನಗಿರಿ, ಹೊನ್ನಾಳಿ ಬಂದಿದ್ದು ಶಿವಮೊಗ್ಗ ಜಿಲ್ಲೆಯಿಂದ, ಜಗಳೂರು ಬಂದಿದ್ದು ಚಿತ್ರದುರ್ಗದಿಂದ. ಜಿಲ್ಲೆ ಬದಲಾದರೂ ರಸ್ತೆ ಬದಲಾಗಿಲ್ಲ. ನ್ಯಾಮತಿಯವರಿಗೆ ದಾವಣಗೆರೆಗಿಂತ ಶಿವಮೊಗ್ಗವೇ ಹತ್ತಿರ. ಹೊನ್ನಾಳಿಯವರು ಎರಡೂ ಕಡೆ ನೋಡಬಹುದು. ಚನ್ನಗಿರಿಯವರು ಭದ್ರಾವತಿಯನ್ನೂ ಸೇರಿಸಿಕೊಳ್ಳಿ. ಜಗಳೂರಿನವರು ಚಿತ್ರದುರ್ಗ ಮತ್ತು ದಾವಣಗೆರೆ ಇಟ್ಟುಕೊಳ್ಳಿ. ಮಾರ್ಕೆಟ್‌ಪ್ಲೇಸ್‌ನಲ್ಲಿ ಊರಿನ ಜೊತೆಗೆ ಎಷ್ಟು ಕಿಲೋಮೀಟರ್ ಸುತ್ತಳತೆ ಅಂತ ಹಾಕೋಕೆ ಬರುತ್ತೆ. ಅದನ್ನ ದೊಡ್ಡದು ಮಾಡಿ.

ಹೆಸರು ಬರೆಯೋದರಲ್ಲೂ ಒಂದು ವಿಷಯ ಇದೆ. ಶಿಮೊಗ ಅನ್ನೋ ಹಳೇ ಇಂಗ್ಲಿಷ್ ಹೆಸರು 2014ರ ನವೆಂಬರ್ 1ರಂದು ಶಿವಮೊಗ್ಗ ಆಯ್ತು. ಆದರೆ ಜನ ಇನ್ನೂ ಹಳೇದನ್ನೇ ಟೈಪ್ ಮಾಡ್ತಾರೆ. ದಾವಣಗೆರೆಯನ್ನೂ ಇಂಗ್ಲಿಷ್‌ನಲ್ಲಿ ಎರಡು ಥರ ಬರೀತಾರೆ. ಎರಡೂ ಹಾಕಿ ನೋಡಿ. ನಾವು ಬೀರು ಅನ್ನೋದನ್ನ ಮಾರೋರು ಆಲ್ಮೇರಾ, ವಾರ್ಡ್‌ರೋಬ್, ಕಬೋರ್ಡ್ ಅಂತೆಲ್ಲ ಹಾಕಿರ್ತಾರೆ. ಮಂಚಕ್ಕೆ ಕಾಟ್, ಬೆಡ್, ದಿವಾನ್. ಸ್ಪೆಲ್ಲಿಂಗ್ ತಪ್ಪಿರೋ ಜಾಹೀರಾತು ಕಡಿಮೆ ಜನರ ಕಣ್ಣಿಗೆ ಬೀಳುತ್ತೆ, ಅಲ್ಲಿ ಚೌಕಾಸಿಗೆ ಜಾಗ ಜಾಸ್ತಿ. ಡಿಗ್ರಿ ಅರ್ಧಕ್ಕೆ ಬಿಟ್ಟವನು ನಾನು, ತಪ್ಪು ಸ್ಪೆಲ್ಲಿಂಗ್‌ನಿಂದ ಲಾಭ ಆಗಿದ್ದು ಜೀವನದಲ್ಲಿ ಇದೊಂದೇ ಸಲ.

ಯಾವಾಗ ಸಿಗುತ್ತೆ

ದಾವಣಗೆರೆಯಲ್ಲಿ ಮೆಡಿಕಲ್, ಎಂಜಿನಿಯರಿಂಗ್ ಕಾಲೇಜು ತುಂಬಾ ಇವೆ. ಕೋರ್ಸ್ ಮುಗಿಸಿದ ಹುಡುಗರು ರೂಂ ಖಾಲಿ ಮಾಡುವಾಗ ಮಂಚ, ಓದೋ ಟೇಬಲ್ಲು, ಕೂಲರ್, ಪ್ಲಾಸ್ಟಿಕ್ ಕುರ್ಚಿ ಎಲ್ಲಾ ಸಿಕ್ಕಿದ ರೇಟಿಗೆ ಬಿಟ್ಟು ಹೋಗ್ತಾರೆ. ವಿದ್ಯಾನಗರ, ಎಂಸಿಸಿ ಬ್ಲಾಕ್ ಕಡೆ ಜಾಹೀರಾತು ಒಟ್ಟೊಟ್ಟಿಗೆ ಬರುತ್ತೆ. ಸರ್ಕಾರಿ ನೌಕರರ ವರ್ಗಾವಣೆ ಮೇ, ಜೂನ್ ಹೊತ್ತಿಗೆ. ಅವರ ಹತ್ತಿರ ಸೋಫಾ, ಡೈನಿಂಗ್ ಟೇಬಲ್, ಬೀರು ಸಿಗುತ್ತೆ. ಹೆಚ್ಚಾಗಿ ಒಬ್ಬರೇ ಬಳಸಿದ್ದು. ತಿಂಗಳ ಕೊನೇ ವಾರ ಇನ್ನೂ ಒಳ್ಳೇದು. ಒಂದನೇ ತಾರೀಖಿಗೆ ಮನೆ ಬಿಡಬೇಕಾದವರು ಇಪ್ಪತ್ತೆಂಟಕ್ಕೆ ರೇಟು ಇಳಿಸ್ತಾರೆ.

ದೀಪಾವಳಿಗೆ ಮುಂಚೆ ಹೋಗಬೇಡಿ. ಆಗ ಎಲ್ಲರೂ ಕೊಳ್ಳೋರೇ.

ಇಂಗ್ಲಿಷ್ ಪದ, ನಮ್ಮ ಅರ್ಥ

ಜಾಹೀರಾತಿನಲ್ಲಿ ಟೀಕ್ ಫಿನಿಶ್ ಅಂತ ಇದ್ದರೆ ಅದು ಸಾಗುವಾನಿ ಅಲ್ಲ, ಸಾಗುವಾನಿ ಬಣ್ಣ ಅಷ್ಟೇ. ಟೀಕ್ ವುಡ್ ಅಂತ ಇದ್ದರೂ ನೋಡದೇ ನಂಬಬೇಡಿ. ಶೀಶಮ್ ವುಡ್ ಅಂತ ಹಾಕಿದ್ದನ್ನ ನಮ್ಮ ಕಡೆಯವರು ಬೀಟೆ ಅಂದ್ಕೊಳ್ತಾರೆ. ಇಂಗ್ಲಿಷ್‌ನಲ್ಲಿ ಎರಡಕ್ಕೂ ರೋಸ್‌ವುಡ್ ಅಂತಲೇ ಕರೆಯೋದರಿಂದ ಈ ಗೊಂದಲ. ಆದರೆ ನಮ್ಮ ಮಲೆನಾಡಿನ ಬೀಟೆ ಬೇರೆ, ಉತ್ತರ ಭಾರತದ ಶೀಶಮ್ ಬೇರೆ ಮರ. ಶೀಶಮ್ ಕೆಟ್ಟ ಮರ ಅಂತಲ್ಲ. ಬೀಟೆ ರೇಟು ಕೊಡಬೇಡಿ ಅಷ್ಟೇ.

ಎಂಜಿನಿಯರ್ಡ್ ವುಡ್ ಅಂದರೆ ಮರದ ಚೂರು, ಪುಡಿಗೆ ಅಂಟು ಹಾಕಿ ಒತ್ತಿದ ಹಲಗೆ. ಬೆಂಗಳೂರಿನಿಂದ ಬರೋ ಜಾಹೀರಾತಿನಲ್ಲಿ ಇದೇ ಜಾಸ್ತಿ. ನೋಡೋಕೆ ಚೆಂದ, ಹಗುರ. ಆದರೆ ಒಂದು ಸಲ ಸ್ಕ್ರೂ ಬಿಚ್ಚಿ ಮತ್ತೆ ಹಾಕಿದರೆ ಅದೇ ತೂತಿನಲ್ಲಿ ಹಿಡಿತ ಇರಲ್ಲ. ನೀರು ತಾಗಿದರೆ ಊದಿಕೊಳ್ಳುತ್ತೆ, ಮತ್ತೆ ಮೊದಲಿನ ಥರ ಆಗಲ್ಲ. ಬಿಚ್ಚಿ, ಆಟೋದಲ್ಲಿ ಹಾಕಿ, ಐವತ್ತು ಕಿಲೋಮೀಟರ್ ತಂದು ಜೋಡಿಸೋ ಸಾಮಾನು ಇದಲ್ಲ. ಬಿಚ್ಚದೇ ಇಡಿಯಾಗಿ ತರೋಕೆ ಆಗೋ ಹಂಗಿದ್ದರೆ ಮಾತ್ರ ನೋಡಿ.

ಕ್ವೀನ್ ಸೈಜ್ ಮಂಚ ಸುಮಾರು 5 ಅಡಿ ಅಗಲ, ಕಿಂಗ್ ಸೈಜ್ 6 ಅಡಿ. ಎರಡೂ ಆರೂವರೆ ಅಡಿ ಉದ್ದ. ಕೊಳ್ಳೋಕೆ ಮುಂಚೆ ನಿಮ್ಮ ಬಾಗಿಲು, ಮೆಟ್ಟಿಲು ತಿರುಗೋ ಜಾಗ ಟೇಪ್ ಹಿಡಿದು ಅಳೀರಿ. ನಮ್ಮ ಪಕ್ಕದ ಬೀದಿಯಲ್ಲಿ ಒಬ್ಬರು ಸೋಫಾ ತಂದು ಕಿಟಕಿ ಸರಳು ಕೊಯ್ಯಿಸಿ ಒಳಗೆ ತಗೊಂಡರು. ಸೋಫಾಗಿಂತ ವೆಲ್ಡಿಂಗ್ ಖರ್ಚು ಜಾಸ್ತಿ ಆಯ್ತು.

ಗೋದ್ರೇಜ್ ಬೀರು ಅಂತ ಜಾಹೀರಾತು ನೋಡಿದರೆ ಸ್ವಲ್ಪ ತಡೀರಿ. ಗೋದ್ರೇಜ್ ಕಂಪನಿ 1923ರಿಂದ ಸ್ಟೀಲ್ ಬೀರು ಮಾಡ್ತಿದೆ, ಅದಕ್ಕೇ ನಮ್ಮಲ್ಲಿ ಎಲ್ಲಾ ಕಬ್ಬಿಣದ ಬೀರುಗೂ ಅದೇ ಹೆಸರು ನಿಂತುಬಿಟ್ಟಿದೆ. ಮಾರೋರು ಸುಳ್ಳು ಹೇಳ್ತಿದಾರೆ ಅಂತೇನಲ್ಲ, ಅವರಿಗೂ ಗೊತ್ತಿರಲ್ಲ. ಕಂಪನಿ ಹೆಸರು ಬಾಗಿಲ ಮೇಲೆ, ಬೀಗದ ಮೇಲೆ ಇದೆಯಾ ನೋಡಿ. ಇಲ್ಲದಿದ್ದರೆ ಅದು ಲೋಕಲ್ ವೆಲ್ಡಿಂಗ್ ಶಾಪಿನದು. ತಗಡಿನ ದಪ್ಪ ನೋಡಿ ರೇಟು ಮಾತಾಡಿ. ಬೀಗದ ಕೈ ಎರಡೂ ಇಸ್ಕೊಳ್ಳಿ.

ಹೋಗಿ ನೋಡುವಾಗ

ಹಗಲು ಹೊತ್ತಲ್ಲಿ ಹೋಗಿ. ಒಬ್ಬರೇ ಹೋಗಬೇಡಿ. ಸಾಧ್ಯವಾದರೆ ಪರಿಚಯದ ಆಚಾರ್ರನ್ನ ಕರ್ಕೊಂಡು ಹೋಗಿ. ಅವರ ಅರ್ಧ ದಿನದ ಕೂಲಿ ಕೊಟ್ಟರೂ ನಷ್ಟ ಇಲ್ಲ. ನಮ್ಮ ಮಂಚ ನೋಡೋಕೆ ಬಂದಿದ್ದ ಆಚಾರ್ರು ಮೇಲಿನ ಪಾಲಿಶ್ ಕಡೆ ನೋಡಲೇ ಇಲ್ಲ, ನೇರ ಕೆಳಗೆ ಬಗ್ಗಿದರು. ಪಾಲಿಶ್ ಹಾಕದ ಜಾಗದಲ್ಲಿ ಮರದ ಗುರುತು ಸಿಗುತ್ತೆ. ಡ್ರಾಯರ್ ಇದ್ದರೆ ಪೂರ್ತಿ ಎಳೆದು ಹಿಂಬದಿ ನೋಡಬೇಕು. ಎಳೆ ಮೇಲಿನಿಂದ ಅಂಚಿಗೆ ಮುಂದುವರಿದಿದ್ದರೆ ಮರ, ಅಂಚಿನಲ್ಲಿ ಪಟ್ಟಿ ಅಂಟಿಸಿದ್ದರೆ ಪ್ಲೈವುಡ್ಡೋ ಪುಡಿ ಹಲಗೆಯೋ.

ಸೂಜಿ ಮೊನೆಯಷ್ಟು ತೂತು, ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಕುಟ್ಟೆ ಹಿಡಿದಿದೆ ಅಂತ. ಪುಡಿ ಹೊಸದಾಗಿದ್ದರೆ ಹುಳ ಇನ್ನೂ ಜೀವಂತ. ಅದನ್ನ ತಂದರೆ ನಿಮ್ಮ ಮನೆಯ ಬಾಗಿಲು, ಕಿಟಕಿಗೂ ಹತ್ತುತ್ತೆ. ಮಣ್ಣಿನ ಗೆರೆ ಕಂಡರೆ ಗೆದ್ದಲು. ಬೆರಳ ಗೆಣ್ಣಿನಿಂದ ತಟ್ಟಿ, ಟೊಳ್ಳು ಸದ್ದು ಬಂದರೆ ಬಿಟ್ಟುಬಿಡಿ.

ಹಾಸಿಗೆ, ದಿಂಬು, ಬಟ್ಟೆ ಸೋಫಾ ನನ್ನ ಪ್ರಕಾರ ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ತಿಗಣೆ ಒಂದು ಸಲ ಮನೆ ಸೇರಿದರೆ ಓಡಿಸೋ ಖರ್ಚು ಬೇರೆ, ಬಂದ ನೆಂಟರ ಮುಂದೆ ಮರ್ಯಾದೆ ಬೇರೆ. ಮಂಚದ ಮೂಲೆ, ಕೀಲು, ಸ್ಕ್ರೂ ತೂತಿನಲ್ಲಿ ಕಪ್ಪು ಚುಕ್ಕೆ ಇದೆಯಾ ಟಾರ್ಚ್ ಹಾಕಿ ನೋಡಿ. ಕಬ್ಬಿಣದ ಮಂಚ, ಪ್ಲಾಸ್ಟಿಕ್ ಕುರ್ಚಿ ತಂದ ಮೇಲೆ ಎರಡು ದಿನ ಬಿಸಿಲಿಗೆ ಹಾಕಿ. ಜಗಳೂರಿನ ಬಿಸಿಲು ಇದಕ್ಕಾದರೂ ಉಪಯೋಗಕ್ಕೆ ಬರಲಿ.

ಗಾಡಿ ಬಾಡಿಗೆ ಸೇರಿಸಿ ಲೆಕ್ಕ ಹಾಕಿ

ಒಂದು ಲೆಕ್ಕ ನೋಡಿ. ದಾವಣಗೆರೆಯಲ್ಲಿ ಮಂಚ 4,500 ರೂಪಾಯಿ. ಗೂಡ್ಸ್ ಗಾಡಿ ಬಾಡಿಗೆ 1,800, ಹತ್ತಿಸಿ ಇಳಿಸೋ ಕೂಲಿ 400, ತಂದ ಮೇಲೆ ಪಾಲಿಶ್, ರಿಪೇರಿ 900. ಒಟ್ಟು 7,600. ಅದೇ ಅಳತೆಯ ಹೊಸ ಮಂಚ ನಿಮ್ಮ ಊರಿನ ಅಂಗಡಿಯಲ್ಲಿ 8,500ಕ್ಕೆ, ಮನೆಗೆ ತಂದು ಜೋಡಿಸಿ ಕೊಡ್ತಾರೆ ಅಂದರೆ ಉಳಿದಿದ್ದು ಬರೀ 900. ಗ್ಯಾರಂಟಿನೂ ಇಲ್ಲ. ಅದಕ್ಕೇ ಮೊದಲು ಊರಿನ ಅಂಗಡಿಗೆ ಹೋಗಿ ರೇಟು ಕೇಳಿ, ಆಮೇಲೆ ಮೊಬೈಲ್ ತೆಗೀರಿ.

ಬಾಡಿಗೆ ಉಳಿಸೋ ದಾರಿ ಒಂದಿದೆ, ರಿಟರ್ನ್ ಗಾಡಿ. ಮೆಕ್ಕೆಜೋಳ, ಅಡಿಕೆ, ತರಕಾರಿ ಹಾಕ್ಕೊಂಡು ದಾವಣಗೆರೆ, ಶಿವಮೊಗ್ಗಕ್ಕೆ ಹೋದ ಗಾಡಿಗಳು ಎಷ್ಟೋ ಸಲ ಖಾಲಿ ಬರುತ್ತವೆ. ನಿಮ್ಮ ಊರಿನ ಸ್ಟ್ಯಾಂಡಿನಲ್ಲಿ ಡ್ರೈವರ್ ಅಣ್ಣಂದಿರಿಗೆ ಹಿಂದಿನ ದಿನವೇ ಹೇಳಿಟ್ಟರೆ ಅರ್ಧ ಬಾಡಿಗೆಗೂ ಒಪ್ಪಿದ್ದು ಉಂಟು. ಒಂದೇ ಬೀದಿಯ ಇಬ್ಬರು ಸೇರಿ ತಂದರೆ ಇನ್ನೂ ಸಲೀಸು. ಗೋಡೆ ಗಡಿಯಾರ, ಕನ್ನಡಿ, ಲ್ಯಾಂಪ್ ಥರದ ಸಣ್ಣ ಸಾಮಾನು ಬಸ್ಸಿನಲ್ಲೇ ತರಬಹುದು. ಕನ್ನಡಿಯನ್ನ ಮಾತ್ರ ಮಲಗಿಸಿ ತರಬೇಡಿ, ನಿಲ್ಲಿಸಿಯೇ ತನ್ನಿ.

ಅಂಗಡಿಯವರಿಗೆ

ಬಾಗಿಲು ಹಾಕೋ ಅಂಗಡಿಗಳ ಜಾಹೀರಾತು ನೋಡ್ತಾ ಇರಿ. ನಟ್ಟು ಬೋಲ್ಟಿನ ಕಬ್ಬಿಣದ ರ‍್ಯಾಕ್ ಸೆಕೆಂಡ್ ಹ್ಯಾಂಡ್‌ನಲ್ಲಿ ಕಣ್ಣುಮುಚ್ಚಿ ತಗೊಳ್ಳೋ ಮಾಲು. ಬಿಚ್ಚಿದರೂ ಏನೂ ಆಗಲ್ಲ, ಬೇಕಾದ ಅಳತೆಗೆ ಜೋಡಿಸಬಹುದು, ತುಕ್ಕು ಇದ್ದರೆ ಉಜ್ಜಿ ಪೇಂಟ್ ಹೊಡೆದರೆ ಆಯ್ತು. ಗಾಜಿನ ಶೋಕೇಸ್‌ಗೆ ಗಾಜು ಬಿಚ್ಚಿ ಬೇರೆ ತರಬೇಕು, ದಾರಿಯಲ್ಲಿ ಒಂದು ಒಡೆದರೂ ಲಾಭ ಹೋಯ್ತು. ರ‍್ಯಾಕ್ ಜೊತೆ ಹಳೇ ತೂಕದ ಮಷಿನ್ನೂ ಕೊಡ್ತೀವಿ ಅಂದರೆ, ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಯಾವ ವರ್ಷದ್ದು ನೋಡಿ. ಮುದ್ರೆ ಹೊಸದು ಮಾಡಿಸದೇ ವ್ಯಾಪಾರಕ್ಕೆ ಇಟ್ಟರೆ ದಂಡ ಬೀಳೋದು ನಿಮಗೆ, ಮಾರಿದವರಿಗಲ್ಲ.

ಬಿಲ್ಲು ಇದ್ದರೆ ಕೇಳಿ. ಇಲ್ಲದಿದ್ದರೆ ಬಿಳಿ ಹಾಳೆಯಲ್ಲಿ ಮಾರಿದವರ ಹೆಸರು, ಫೋನ್ ನಂಬರ್, ತಾರೀಖು, ರೇಟು ಬರೆಸಿ ಸಹಿ ಹಾಕಿಸ್ಕೊಳ್ಳಿ. ಕದ್ದ ಮಾಲು ಅಂತ ಗೊತ್ತಿದ್ದೂ ಕೊಳ್ಳೋದು ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್‌ನಲ್ಲಿ ಅಪರಾಧ. ಗೊತ್ತಿರಲಿಲ್ಲ ಅಂತ ಹೇಳೋಕೆ ನಿಮ್ಮ ಹತ್ತಿರ ಒಂದು ಕಾಗದ ಇರಬೇಕಲ್ಲ. ಹಂಗೇ ಮನೆ ಅಲಂಕಾರಕ್ಕೆ ಅಂತ ಹಳೇ ಕಲ್ಲಿನ ವಿಗ್ರಹ, ದೇವಸ್ಥಾನದ್ದು ಅನ್ನಿಸೋ ಹಿತ್ತಾಳೆ ಮೂರ್ತಿ ಮಾರೋಕೆ ಹಾಕಿರ್ತಾರೆ. ನೂರು ವರ್ಷಕ್ಕೂ ಹಳೇದಾದ ಇಂಥವಕ್ಕೆ 1972ರ ಪ್ರಾಚ್ಯವಸ್ತು ಕಾಯ್ದೆ ಇದೆ. ಆ ಕಡೆ ಹೋಗಲೇಬೇಡಿ. ಹಂಡೆ, ತೂಗುಮಣೆ, ಹಳೇ ಮನೆ ಕೆಡವಿದ ಬಾಗಿಲು, ಕಂಬ ಬೇಕಾದಷ್ಟು ಸಿಗುತ್ತೆ.

ಅಕ್ಕನ ಡೈನಿಂಗ್ ಟೇಬಲ್

ಈಗ ದುಡ್ಡು ಕಳ್ಕೊಂಡ ಕಥೆ. ಅಕ್ಕ ಹೊನ್ನಾಳಿಯಲ್ಲಿ ಬಾಡಿಗೆ ಮನೆ ಮಾಡಿದ್ದಳು. ನಾಲ್ಕು ಕುರ್ಚಿಯ ಡೈನಿಂಗ್ ಟೇಬಲ್, ಬರೀ 3,500 ರೂಪಾಯಿ ಅಂತ ಜಾಹೀರಾತು. ಹುಡುಕಿ ಕೊಟ್ಟಿದ್ದು ನಾನೇ. ಫೋನ್ ಮಾಡಿದರೆ ಆ ಕಡೆಯವನು ಹಿಂದಿಯಲ್ಲಿ, ನಾನು ಮಿಲಿಟರಿಯವನು, ಶಿವಮೊಗ್ಗದಿಂದ ಟ್ರಾನ್ಸ್‌ಫರ್ ಆಗಿದೆ, ಸಾಮಾನು ಮಿಲಿಟರಿ ಗಾಡಿಯಲ್ಲೇ ಮನೆಗೆ ಬರುತ್ತೆ ಅಂದ. ಯೂನಿಫಾರ್ಮ್ ಹಾಕಿದ ಐಡಿ ಕಾರ್ಡ್ ಫೋಟೋನೂ ಕಳಿಸಿದ. ನೋಡೋಕೆ ಬರ್ತೀವಿ ಅಂದರೆ ಒಳಗೆ ಸಿವಿಲಿಯನ್ಸ್‌ಗೆ ಬಿಡಲ್ಲ ಅಂದ. ಗೇಟ್ ಪಾಸ್‌ಗೆ 1,000 ಹಾಕಿ ಅಂದ, ಹಾಕಿದೆವು. ಆಮೇಲೆ ಡಿಪಾಸಿಟ್ 2,600, ಟೇಬಲ್ ಬಂದ ಮೇಲೆ ವಾಪಸ್ ಅಂದ. ಅದನ್ನೂ ಹಾಕಿದೆವು. ಮೂರನೇ ಸಲ 5,000 ಕೇಳಿದಾಗ ಅಕ್ಕ ನನ್ನ ಮುಖ ನೋಡಿದಳು. ಒಟ್ಟು 3,600 ಹೋಯ್ತು, ಟೇಬಲ್ಲಿನ ರೇಟಿಗಿಂತ ನೂರು ರೂಪಾಯಿ ಜಾಸ್ತಿ. ಅವಳು ಸಂಘದ ಕಂತಿಗೆ ಇಟ್ಟಿದ್ದ ದುಡ್ಡು ಅದು. ಭಾವನಿಗೆ ಇವತ್ತಿನವರೆಗೂ ಹೇಳಿಲ್ಲ, ಇದನ್ನ ಓದಿದರೆ ಗೊತ್ತಾಗುತ್ತೆ.

ಮಿಲಿಟರಿ ಹೆಸರಿನ ಈ ಮೋಸ ದೇಶದ ತುಂಬಾ ವರ್ಷಗಳಿಂದ ನಡೀತಿದೆ ಅಂತ ಆಮೇಲೆ ಗೊತ್ತಾಯ್ತು. ನಾವು ಆ ಫೋಟೋವನ್ನ ಗೂಗಲ್ ಲೆನ್ಸ್‌ನಲ್ಲಿ ಹಾಕಿದ್ದರೆ ಸಾಕಿತ್ತು. ಆಮೇಲೆ ಹಾಕಿ ನೋಡಿದಾಗ ಅದೇ ಟೇಬಲ್ ಆನ್‌ಲೈನ್ ಅಂಗಡಿಯೊಂದರಲ್ಲಿ ಹೊಸ ಮಾಲಾಗಿ ಕಾಣಿಸಿತು. ಈಗ ನಾನು ಪ್ರತಿ ಜಾಹೀರಾತಿಗೂ ಅದನ್ನ ಮಾಡ್ತೀನಿ. ಹೊಸದರ ರೇಟೂ ಅದರಲ್ಲೇ ಗೊತ್ತಾಗುತ್ತೆ. ಅನುಮಾನ ಇದ್ದರೆ, ಅಣ್ಣಾ, ಟೇಬಲ್ ಮೇಲೆ ಒಂದು ಚಮಚ ಇಟ್ಟು ವಿಡಿಯೋ ಕಾಲ್ ಮಾಡಿ ತೋರಿಸಿ ಅಂತ ಕೇಳಿ. ನಿಜವಾಗಿ ಮಾರೋರು ನಕ್ಕೊಂಡು ತೋರಿಸ್ತಾರೆ, ಕಳ್ಳ ಸಿಟ್ಟು ಮಾಡ್ತಾನೆ.

ಮಾರೋರಿಗೂ ಇದೇ ಗಂಡಾಂತರ ಉಲ್ಟಾ ಬರುತ್ತೆ. ನೀವು ಹಳೇ ಶೋಕೇಸ್ ಮಾರೋಕೆ ಹಾಕಿದ ಹತ್ತೇ ನಿಮಿಷಕ್ಕೆ ಫೋನ್ ಬರುತ್ತೆ, ಚೌಕಾಸಿನೂ ಮಾಡಲ್ಲ, ದುಡ್ಡು ಈಗಲೇ ಕಳಿಸ್ತೀನಿ ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಅಂತಾರೆ. ದುಡ್ಡು ಬರಬೇಕಾದರೆ ಸ್ಕ್ಯಾನ್ ಮಾಡೋದೂ ಬೇಡ, ಯುಪಿಐ ಪಿನ್ ಒತ್ತೋದೂ ಬೇಡ. ಪಿನ್ ಒತ್ತಿದರೆ ದುಡ್ಡು ಹೋಗೋದು ನಿಮ್ಮ ಖಾತೆಯಿಂದಲೇ. ಅಂಗಡಿಯಲ್ಲಿ ಕೂರೋ ಅಪ್ಪ, ಅಮ್ಮನಿಗೆ ಇದೊಂದನ್ನ ಹೇಳಿಡಿ.

ಮೋಸ ಆಗಿದ್ದು ಗೊತ್ತಾದ ತಕ್ಷಣ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ದುಡ್ಡು ಆ ಖಾತೆಯಿಂದ ಮುಂದೆ ಹೋಗೋದರೊಳಗೆ ತಡೆಹಿಡಿಸಿದರೆ ವಾಪಸ್ ಬರೋ ಅವಕಾಶ ಇರುತ್ತೆ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ವೆಬ್‌ಸೈಟಿನಲ್ಲೂ ದೂರು ಕೊಡಬಹುದು, ಇಲ್ಲಾ ಹತ್ತಿರದ ಠಾಣೆಗೆ, ದಾವಣಗೆರೆಯ ಸಿಇಎನ್ ಠಾಣೆಗೆ ಹೋಗಬಹುದು. ದುಡ್ಡು ಹಾಕಿದ ಸ್ಕ್ರೀನ್‌ಶಾಟ್, ಯುಟಿಆರ್ ನಂಬರ್, ಚಾಟ್, ಜಾಹೀರಾತಿನ ಫೋಟೋ ಅಳಿಸದೇ ಇಟ್ಟುಕೊಳ್ಳಿ. ನಾವು ನಾಚಿಕೆ ಪಟ್ಕೊಂಡು ಒಂದು ರಾತ್ರಿ ಕಳೆದು ಫೋನ್ ಮಾಡಿದೆವು. ಅಷ್ಟೊತ್ತಿಗೆ ಆ ಖಾತೆ ಖಾಲಿ.

ಅಕ್ಕನ ಮನೆಗೆ ಟೇಬಲ್ ಆಮೇಲೆ ಬಂತು. ದಾವಣಗೆರೆಯಲ್ಲಿ ರೂಂ ಖಾಲಿ ಮಾಡ್ತಿದ್ದ ಹುಡುಗರ ಹತ್ತಿರ, ಎರಡು ಕುರ್ಚಿ ಸಮೇತ 2,200ಕ್ಕೆ. ಹೋಗಿ ಅಲ್ಲಾಡಿಸಿ ನೋಡಿ, ಗಾಡಿಗೆ ಹತ್ತಿಸಿದ ಮೇಲೆಯೇ ದುಡ್ಡು ಕೊಟ್ಟಿದ್ದು. ಒಂದು ಕಾಲು ಸ್ವಲ್ಪ ಗಿಡ್ಡ ಇದೆ, ಕೆಳಗೆ ರಟ್ಟು ಮಡಚಿ ಇಟ್ಟಿದೀವಿ.