ಇನ್‌ಫ್ಲುಯೆಂಜಾ: ವೈರಸ್ ರೂಪಾಂತರ ಮತ್ತು ಲಸಿಕೆ

ಇನ್‌ಫ್ಲುಯೆಂಜಾ ವೈರಸ್ ತನ್ನ ಆರ್‌ಎನ್‌ಎಯನ್ನು ನಕಲು ಮಾಡುವಾಗ ನುಸುಳುವ ತಪ್ಪುಗಳನ್ನು ತಿದ್ದಿಕೊಳ್ಳುವುದಿಲ್ಲ. ಹೀಗೆ ಅದರ ಮೇಲ್ಮೈಯ ಹೀಮಾಗ್ಲುಟಿನಿನ್ ಪ್ರೋಟೀನು ಸ್ವಲ್ಪಸ್ವಲ್ಪವೇ ಬದಲಾಗಿ, ಹಳೆಯ ಸೋಂಕು ಅಥವಾ ಲಸಿಕೆಯಿಂದ ಬಂದ ಪ್ರತಿಕಾಯಗಳಿಗೆ ಗುರುತು ಸಿಗದಂತಾಗುತ್ತದೆ. ಈ ಚಾಳಿ ಇನ್‌ಫ್ಲುಯೆಂಜಾ ಎ ವೈರಸ್‌ನ ಎಚ್3ಎನ್2 ಎಂಬ ಉಪವಿಧಕ್ಕೆ ಹೆಚ್ಚು. 2023ರ ಮಾರ್ಚ್‌ನಲ್ಲಿ ಹಾಸನ ಜಿಲ್ಲೆಯ ವೃದ್ಧರೊಬ್ಬರ ಸಾವಿನಿಂದ ಅದರ ಹೆಸರು ರಾಜ್ಯದಲ್ಲೆಲ್ಲ ಕೇಳಿಬಂತು. ವೈರಸ್ ಹೀಗೆ ಬದಲಾಗುವುದರಿಂದ, ಲಸಿಕೆಗೆ ಸೇರಿಸಬೇಕಾದ ತಳಿಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಪ್ರತಿವರ್ಷ ಫೆಬ್ರವರಿ ಮತ್ತು ಸೆಪ್ಟೆಂಬರ್‌ನಲ್ಲಿ ಸೂಚಿಸುತ್ತದೆ. ತಯಾರಿಕೆಗೆ ಸುಮಾರು ಆರು ತಿಂಗಳು ಬೇಕು, ವೈರಸ್ ಅಲ್ಲಿಯವರೆಗೆ ಸುಮ್ಮನಿರುವುದಿಲ್ಲ. ಸಾಲದ್ದಕ್ಕೆ, ಕೋಳಿಮೊಟ್ಟೆಯಲ್ಲಿ ಬೆಳೆಸುವಾಗ ಎಚ್3ಎನ್2 ಮೊಟ್ಟೆಗೇ ಒಗ್ಗಿಕೊಂಡು ರೂಪ ಬದಲಿಸುವುದೂ ಉಂಟು. ತಳಿ ಹೊಂದಿಬಂದ ವರ್ಷಗಳಲ್ಲಿ ಲಸಿಕೆ ವೈದ್ಯರ ಬಳಿ ಹೋಗುವಂಥ ಕಾಯಿಲೆಯನ್ನು ಶೇ. 40ರಿಂದ 60ರಷ್ಟು ತಗ್ಗಿಸಿದರೆ, ತಳಿ ಹೊಂದದ 2014–15ರ ಅಮೆರಿಕದಲ್ಲಿ ಶೇ. 20ನ್ನೂ ಮುಟ್ಟಲಿಲ್ಲ. ಇನ್ನು, ಇನ್‌ಫ್ಲುಯೆಂಜಾ ಬಿ ವೈರಸ್‌ನ ಬಿ/ಯಮಗಾಟಾ ತಳಿ 2020ರ ಮಾರ್ಚ್ ನಂತರ ಖಚಿತವಾಗಿ ಪತ್ತೆಯಾಗಿಲ್ಲ. ಹಾಗಾಗಿ ಅದನ್ನು ಲಸಿಕೆಯಿಂದ ಕೈಬಿಡಲಾಗುತ್ತಿದೆ.